ಮೆಲ್ಲಪ್ಪನ ಹೊಸ ಸೈಲೆನ್ಸರ್

ಎಲ್ಲ ಶುರುವಾದದ್ದು ಒಂದು ತೂತಿನಿಂದ. ಮೆಲ್ಲಪ್ಪನ ಪುಟ್ಟ ಜೀಪಿನ ಸೈಲೆನ್ಸರಿಗೆ ತುಕ್ಕು ಹಿಡಿದು, ಹೆಬ್ಬೆರಳು ತೂರಿಸುವಷ್ಟು ತೂತು ಬಿತ್ತು. ಅಂದಿನಿಂದ ಜೀಪು ಹೊರಟರೆ ನೆಗಡಿಯಾದವರ ಮೂಗು ಶಿಳ್ಳೆ ಹೊಡೆದಂತೆ ಕೇಳುತ್ತಿತ್ತು.

ಮೆಲ್ಲಪ್ಪ ಅವನ ನಿಜವಾದ ಹೆಸರಲ್ಲ. ಅವನು ಬಾಯಿ ತೆರೆದರೆ ಎದುರಿಗಿದ್ದವರು "ಆಂ?" ಎಂದು ಬಗ್ಗಬೇಕಾಗುತ್ತಿತ್ತು, ಅದಕ್ಕೇ ಜೊತೆಯವರು ಇಟ್ಟ ಹೆಸರು. ಕೆಲಸ ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ, ಕಿವಿ ಮಂದವಾದವರಿಗೆ ಶ್ರವಣಯಂತ್ರ ಹೊಂದಿಸಿಕೊಡುವುದು. ಯಂತ್ರ ತೊಡಿಸಿ ಅವನು "ಕೇಳಿಸ್ತಾ ಇದೆಯಾ?" ಎಂದರೆ, ಅರ್ಧ ಜನ ಯಂತ್ರ ಕೆಟ್ಟಿದೆಯೆಂದು ಬಿಚ್ಚಿ ವಾಪಸು ಕೊಡುತ್ತಿದ್ದರು.

ಜಗತ್ತು ಒಮ್ಮೆಯಾದರೂ ತನ್ನತ್ತ ತಿರುಗಿ ನೋಡಲಿ ಎಂಬ ಆಸೆಗೇ ಅವನು ಬೆಟ್ಟ ಹತ್ತುವ ಆ ಜೀಪು ಕೊಂಡದ್ದು. ಅದು ಈವರೆಗೆ ಹತ್ತಿದ ಅತಿ ದೊಡ್ಡ ಬೆಟ್ಟವೆಂದರೆ ಶಾಲೆಯ ಮುಂದಿನ ರಸ್ತೆ ಉಬ್ಬು.

ಬೆಳಿಗ್ಗೆ ಗ್ಯಾರೇಜಿಗೆ ಹೊರಟಾಗ ಹೆಂಡತಿಯ ತಮ್ಮ ಕರೆಯದೇ ಬಂದು ಪಕ್ಕದಲ್ಲಿ ಕೂತ. ಜೀಪಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ, ಓಡಿಸುವುದೊಂದನ್ನು ಬಿಟ್ಟು.

ಮೆಕ್ಯಾನಿಕ್ ಎರಡು ಸೈಲೆನ್ಸರ್ ತಂದು ಬೆಂಚಿನ ಮೇಲಿಟ್ಟ. ಒಂದು ದಪ್ಪಗೆ, ದಿಂಬಿನ ಹಾಗಿತ್ತು. ಇನ್ನೊಂದು ಸಪೂರ, ತಳತಳ ಹೊಳೆಯುತ್ತಿತ್ತು.

"ಈ ದಪ್ಪದ್ದರೊಳಗೆ ಗೋಡೆಗೋಡೆ ಇದೆ ಸಾರ್. ಹೊಗೆ ಸುತ್ತಿ ಸುತ್ತಿ ಸುಸ್ತಾಗಿ ಹೊರಗೆ ಬರುತ್ತೆ, ಸದ್ದೇ ಇರಲ್ಲ. ಈ ಸಪೂರದ್ದರಲ್ಲಿ ತೂತಿನ ಕೊಳವೆ, ಸುತ್ತ ಒಂದಿಷ್ಟು ಗಾಜಿನ ಹತ್ತಿ, ಅಷ್ಟೇ. ಹೊಗೆ ನೆಟ್ಟಗೆ ಓಡಿಬರುತ್ತೆ. ಸದ್ದೂ ಅದರ ಜೊತೇಲೇ."

"ದಪ್ಪದ್ದೇ ಇರಲಿ," ಎಂದ ಮೆಲ್ಲಪ್ಪ.

"ಆಂ?" ಎಂದ ಮೆಕ್ಯಾನಿಕ್.

"ಭಾವ, ನಿಮಗೇನು ತಲೆ ಕೆಟ್ಟಿದೆಯಾ?" ಬಾಮೈದ ಮಧ್ಯೆ ಬಾಯಿ ಹಾಕಿದ. "ಆ ದಿಂಬು ಕೆಳಗೆ ಜೋತಾಡುತ್ತೆ. ಕಲ್ಲುಬಂಡೆ ಹತ್ತುವಾಗ ತಾಗಿ ಕಿತ್ತು ಬಂದ್ರೆ?"

"ಯಾವ ಬಂಡೆ?"

"ಮುಂದೆ ಹತ್ತೋ ಬಂಡೆ! ಸಪೂರದ್ದು ಹಾಕ್ಸಿ. ಪೈಪು ಹಿಂದಕ್ಕೆ ಬೇಡ, ಬಾಗಿಲ ಕೆಳಗೆ ಪಕ್ಕಕ್ಕೆ ತೆಗೆಸಿ. ಒಂದು ಸೈಜು ಅಗಲದ್ದು. ಗಂಡಸು ಬಂದ ಅಂತ ಗೊತ್ತಾಗ್ಬೇಕು."

"ಪಕ್ಕಕ್ಕೆ ಬೇಡ ಸಾರ್," ಎಂದ ಮೆಕ್ಯಾನಿಕ್. "ಸಣ್ಣ ಬೀದೀಲಿ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತೆ. ಪೈಪು ಅಗಲ ಆದ್ರೆ ನಿಧಾನಕ್ಕೆ ಹೋಗುವಾಗ ಎಳೆಯೋ ಶಕ್ತೀನೂ ಕಮ್ಮಿ."

ಮೆಲ್ಲಪ್ಪ ಹೊಳೆಯುವ ಸೈಲೆನ್ಸರನ್ನು ನೋಡಿದ. ಅದರ ಮೈಯಲ್ಲಿ ಅವನ ಮುಖ ಅಗಲವಾಗಿ, ಧೀರವಾಗಿ ಕಾಣುತ್ತಿತ್ತು. "ಇದೇ ಇರಲಿ," ಎಂದ. ಈ ಸಲ ಮೆಕ್ಯಾನಿಕ್ "ಆಂ?" ಎನ್ನಲಿಲ್ಲ.

ಹೆಂಡತಿಗೆ ಹೇಳಬಾರದೆಂದು ಇಬ್ಬರೂ ಮಾತಾಡಿಕೊಂಡರು. ಬಾಮೈದ ದಾರಿಯಲ್ಲೇ ಇಳಿದುಹೋದ.

ಮೆಲ್ಲಪ್ಪ ನೇರವಾಗಿ ಕ್ಲಿನಿಕ್ಕಿಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ. ಆದರೆ ಕನ್ನಡಕ ಮನೆಯಲ್ಲಿ ಮರೆತಿದ್ದ, ತರಲು ಹೊರಟ. ತನ್ನ ಬೀದಿಗೆ ತಿರುಗಿದೊಡನೆ ಸದ್ದು ಎರಡೂ ಬದಿಯ ಗೋಡೆಗೆ ಅಪ್ಪಳಿಸಿ, ನಾಲ್ಕು ಪಟ್ಟಾಗಿ ಅವನ ಮೇಲೇ ಬಿತ್ತು. ಪಾತ್ರೆ ಅಂಗಡಿಯೊಳಗೆ ಎಮ್ಮೆ ನುಗ್ಗಿದಂತಾಯಿತು. ಗಾಬರಿಯಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ. ಜೀಪು "ಢಮಾರ್!" ಎಂದಿತು. ನಿಂತಿದ್ದ ಕಾರುಗಳ ಅಲಾರಂಗಳೆಲ್ಲ ಒಟ್ಟಿಗೆ ಕಿರುಚತೊಡಗಿದವು. ಎದುರುಮನೆಯ ನರ್ಸಮ್ಮ, ರಾತ್ರಿಯೆಲ್ಲ ದುಡಿದು ಬಂದು ಆಗಷ್ಟೇ ಕಣ್ಣು ಮುಚ್ಚಿದ್ದವರು, ಪರದೆ ಸರಿಸುವುದರೊಳಗೆ ಮೆಲ್ಲಪ್ಪ ಕನ್ನಡಕದ ಆಸೆ ಬಿಟ್ಟು ಬೀದಿಯ ಆಚೆ ತುದಿಯಿಂದ ಪರಾರಿಯಾಗಿದ್ದ. ಅವರಿಗೆ ಕಂಡದ್ದು ಮಣ್ಣಿನ ಬಣ್ಣದ ಜೀಪಿನ ಹಿಂಭಾಗ ಮಾತ್ರ.

ಮೆಲ್ಲಪ್ಪನ ಎರಡೂ ಕಿವಿ ಕಾದ ಹೆಂಚಿನಂತಾಗಿದ್ದವು. ಜನ ತಿರುಗಿ ನೋಡಬೇಕೆಂದು ವರ್ಷಗಟ್ಟಲೆ ಆಸೆಪಟ್ಟವನು, ತಿರುಗಿ ನೋಡಿದ ಪ್ರತಿಯೊಬ್ಬರಿಗೂ ಸ್ಟೀರಿಂಗಿನ ಹಿಂದೆ ತಲೆ ಅಡಗಿಸುತ್ತ ಹೋದ.

ಕ್ಲಿನಿಕ್ಕಿನ ಒಳಗೆ, ಸದ್ದು ನುಗ್ಗದ ಗಾಜಿನ ಗೂಡಿನಲ್ಲಿ, ಒಬ್ಬ ಮುದುಕರು ಹೆಡ್‌ಫೋನ್ ತೊಟ್ಟು ಕೂತಿದ್ದರು. ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದು ಡಾಕ್ಟರಮ್ಮ ಹೇಳಿದ್ದರು. ಬಹಳ ಹೊತ್ತಿನಿಂದ ಅವರು ಒಂದು ಸಲವೂ ಒತ್ತಿರಲಿಲ್ಲ. ಹೊರಗೆ ಮೆಲ್ಲಪ್ಪ ಜೀಪನ್ನು ಹಿಂದೆ ಮುಂದೆ ಮಾಡಿ ನಿಲ್ಲಿಸುವ ಹೊತ್ತಿಗೆ ಮುದುಕರು ಗುಂಡಿಯನ್ನು ಒತ್ತಿದ್ದೇ ಒತ್ತಿದ್ದು.

"ಕೇಳಿಸ್ತಮ್ಮಾ! ಈಗಲೂ! ಅಯ್ಯೋ, ಈಗ ಇನ್ನೂ ಜೋರಾಗಿ!" ಎಂದು ಅವರು ಕಣ್ಣೀರು ತುಂಬಿಕೊಂಡು ಹೊರಬಂದರು.

ಡಾಕ್ಟರಮ್ಮ ಮುದುಕರನ್ನು ಸಮಾಧಾನಪಡಿಸಿ ಮತ್ತೆ ಒಳಗೆ ಕೂರಿಸಿದರು. ಮತ್ತೆ ಏನೂ ಕೇಳಿಸಲಿಲ್ಲ. ಮುದುಕರ ಮುಖ ಬಾಡಿದ್ದನ್ನು ಗಾಜಿನ ಆಚೆಯಿಂದ ನೋಡಿದ ಮೆಲ್ಲಪ್ಪನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ಯಾವ ಕತ್ತೆ ಅದು, ಕ್ಲಿನಿಕ್ ಮುಂದೆ ಹಾಗೆ ಸದ್ದು ಮಾಡಿದ್ದು? ನೋಡಿದ್ರಾ?" ಎಂದು ಡಾಕ್ಟರಮ್ಮ ಕೇಳಿದರು.

"ನಾನೇ," ಎಂದ ಮೆಲ್ಲಪ್ಪ.

"ಆಂ? ಹೋಗ್ಲಿ ಬಿಡಿ. ನಿಮಗೆ ಕಂಡಿರಲ್ಲ, ಕನ್ನಡಕಾನೂ ಹಾಕಿಲ್ಲ ನೀವು."

ಊಟದ ಹೊತ್ತಿಗೆ ಅವನು ಡಬ್ಬಿ ಬಿಚ್ಚದೆ ಗ್ಯಾರೇಜಿಗೆ ಓಡಿದ. "ಬಿಚ್ಚಿ. ದಿಂಬು ಹಾಕಿ. ಪೈಪು ಹಿಂದಕ್ಕೆ ತಿರುಗಿಸಿ," ಎಂದ. ಮೆಕ್ಯಾನಿಕ್ ಯಾಕೆಂದು ಕೇಳಲಿಲ್ಲ. ಗಿರಾಕಿಯ ಮುಖದಲ್ಲೇ ಕಾರಣ ಕಾಣುತ್ತಿತ್ತು. ಹೊಳೆಯುವ ಸೈಲೆನ್ಸರು ಮೂಲೆ ಸೇರಿತು. ಜೀಪು ಈಗ ಬೆಕ್ಕಿನ ಹಾಗೆ ಗುರುಗುಟ್ಟುತ್ತ ಹೊರಟಿತು.

ತಲೆನೋವೆಂದು ಹೇಳಿ ಮೆಲ್ಲಪ್ಪ ಬೇಗ ಮನೆಗೆ ಬಂದ. ನೋಡಿದರೆ ಬೀದಿಯ ನಡುವೆ ಜನ. ನಡುವೆ, ತಲೆ ತಗ್ಗಿಸಿ, ಗಡ್ಡದವರು.

ಗಡ್ಡದವರು ನಿವೃತ್ತ ಹೆಡ್‌ಮಾಸ್ಟರ ಮಹಡಿಯಲ್ಲಿ ಬಾಡಿಗೆಗಿದ್ದ ಈಜು ಕಲಿಸುವವರು. ನೋಡಲು ಬಂಡೆ ಉರುಳಿ ಬಂದಂತಿದ್ದರೂ ಇರುವೆಗೂ ದಾರಿ ಬಿಡುವ ಮನುಷ್ಯ. ಅವರದ್ದೂ ಮಣ್ಣಿನ ಬಣ್ಣದ ಜೀಪು.

"ನಂದಲ್ಲ ಸಾರ್," ಎಂದು ಗಡ್ಡದವರು ಗೋಗರೆಯುತ್ತಿದ್ದರು. "ಬೆಳಿಗ್ಗೆಯಿಂದ ನಾನು ನೀರಲ್ಲೇ ಇದ್ದೆ."

"ನೀರಲ್ಲಿದ್ದೋರು ನಮ್ಮ ನೆಮ್ಮದೀನೂ ಮುಳುಗಿಸಿದ್ರಲ್ಲ!" ಹೆಡ್‌ಮಾಸ್ಟರು ತರಗತಿಯ ದನಿಯಲ್ಲಿ ಗುಡುಗಿದರು. "ಈ ಬೀದೀಲಿ ಇರೋದೇ ಎರಡು ಜೀಪು. ಮನೆ ಖಾಲಿ ಮಾಡಿ."

ಮೆಲ್ಲಪ್ಪ ಜೀಪಿನಿಂದ ಇಳಿದು ಗುಂಪಿನೊಳಗೆ ನುಗ್ಗಿದ. ತನ್ನ ತಪ್ಪಿಗೆ ಇನ್ನೊಬ್ಬ ಸೂರು ಕಳೆದುಕೊಳ್ಳುವುದೇ? ಹುಟ್ಟಿದಾಗಿನಿಂದ ಕೂಡಿಟ್ಟ ದನಿಯನ್ನೆಲ್ಲ ಒಟ್ಟು ಮಾಡಿ ಕೂಗಿದ: "ಅದು ನನ್ನ ಜೀಪು!"

ಎಲ್ಲರೂ ತಿರುಗಿದರು. ಮೊದಲು ನರ್ಸಮ್ಮ ನಕ್ಕರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವನ ಹೆಂಡತಿ.

"ಇವರು ಹಾರ್ನ್ ಹೊಡೆಯೋಕೂ ಹೆದರ್ತಾರೆ! ಮುಂದೆ ನಾಯಿ ಮಲಗಿದ್ರೆ ಅದು ಎದ್ದು ಹೋಗೋ ತನಕ ಕಾಯ್ತಾರೆ. ಪಾಪ, ಯಾರಾದ್ರೂ ಬೈಸ್ಕೊಳ್ತಿದ್ರೆ ನೋಡೋಕಾಗಲ್ಲ ಇವರಿಗೆ."

"ನಿಜವಾಗ್ಲೂ ನಾನೇ! ಬೇಕಾದ್ರೆ ನೋಡಿ!" ಎಂದು ಮೆಲ್ಲಪ್ಪ ಜೀಪು ಶುರು ಮಾಡಿ ಆಕ್ಸಿಲರೇಟರ್ ಒತ್ತಿದ.

"ಗುರ್ರ್..." ಎಂದಿತು ಜೀಪು, ಮುದ್ದಾಗಿ. ಜನ ಹೊಟ್ಟೆ ಹಿಡಿದುಕೊಂಡರು.

ಅವನು ಫೋನು ತೆಗೆದು ಬಾಮೈದನಿಗೆ ಕರೆಮಾಡಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದ. "ಬೆಳಿಗ್ಗೆ ನಾವು ಏನು ಹಾಕ್ಸಿದ್ವಿ, ನಿಮ್ಮಕ್ಕನಿಗೆ ಹೇಳು."

"ಅಕ್ಕ ಅಲ್ಲೇ ಇದ್ದಾಳಾ? ನಾನು ಬೆಳಿಗ್ಗೆ ಎದ್ದೇ ಇಲ್ಲ ಭಾವ," ಎಂದು ಫೋನು ಇಟ್ಟುಬಿಟ್ಟ.

ಹೆಡ್‌ಮಾಸ್ಟರು ಮೆಲ್ಲಪ್ಪನ ಬೆನ್ನು ತಟ್ಟಿದರು. "ಇಂಥ ಮನುಷ್ಯನನ್ನ ನೋಡಿ ಕಲೀರಿ," ಎಂದು ಗಡ್ಡದವರಿಗೆ ಹೇಳಿದರು. ಗಡ್ಡದವರು ತಮ್ಮ ಜೀಪು ಹತ್ತಿ ಎಲ್ಲಿಗೋ ಹೊರಟುಹೋದರು.

ಆ ಹೊಗಳಿಕೆ ಮೆಲ್ಲಪ್ಪನ ಬೆನ್ನಿಗೆ ಬರೆ ಎಳೆದಂತಿತ್ತು. ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಕಾಫಿ ಕೊಟ್ಟರೆ ಕುಡಿಯಲಿಲ್ಲ. ಬಾಯಿಮಾತು ಯಾರೂ ನಂಬುವುದಿಲ್ಲ, ಸದ್ದು ಮಾಡಿಯೇ ತೋರಿಸಬೇಕು. ಕೊನೆಗೆ ಅದೊಂದೇ ದಾರಿ ಹೊಳೆಯಿತು. ಮುಸ್ಸಂಜೆಗೆ ಮತ್ತೆ ಗ್ಯಾರೇಜಿಗೆ ಓಡಿದ.

"ಆ ಸಪೂರದ್ದನ್ನೇ ವಾಪಸ್ ಹಾಕಿ!"

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನಿಂತಿದ್ದ. "ಅದು ಹೋಯ್ತಲ್ಲ ಸಾರ್. ಈಗಷ್ಟೇ ಒಬ್ಬರು ಹಾಕ್ಸ್ಕೊಂಡು ಹೋದ್ರು. ದೊಡ್ಡ ಗಡ್ಡ. ಮೊದಲು, 'ನನ್ನ ಗಾಡೀಲಿ ಸದ್ದಿಲ್ಲ ಅಂತ ನಮ್ಮ ಮನೆ ಓನರಿಗೆ ಬಂದು ಹೇಳಿ' ಅಂತ ಅಂಗಲಾಚಿದ್ರು. ಅಂಗಡಿ ಬಿಟ್ಟು ನಾನೆಲ್ಲಿ ಹೋಗ್ಲಿ? ಆಮೇಲೆ ಮೂಲೇಲಿ ಬಿದ್ದಿದ್ದ ಅದನ್ನ ನೋಡಿದ್ರು. 'ಮಾಡದೇ ಇದ್ದ ತಪ್ಪಿಗೆ ಮನೆ ಬಿಡ್ತಾ ಇದ್ದೀನಿ, ಮಾಡಿಯಾದ್ರೂ ಬಿಡ್ತೀನಿ, ಅದನ್ನೇ ಹಾಕಿ' ಅಂದ್ರು."

ಮೆಲ್ಲಪ್ಪ ಬೀದಿ ಮುಟ್ಟುವ ಮೊದಲೇ ಸದ್ದು ಅವನನ್ನು ಮುಟ್ಟಿತು. ಕಾರುಗಳು ಕಿರುಚುತ್ತಿದ್ದವು. ಎಲ್ಲ ಬಾಗಿಲಲ್ಲೂ ಜನ. ಗಡ್ಡದವರು ಬೀದಿಯ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ಗುಡುಗಿನ ಮೇಲೆ ಸವಾರಿ ಹೊರಟವರಂತೆ ಜೀಪು ಓಡಿಸುತ್ತಿದ್ದರು.

"ನೋಡಿದ್ರಾ?" ಹೆಡ್‌ಮಾಸ್ಟರು ಗೆದ್ದ ದನಿಯಲ್ಲಿ ಕೂಗಿದರು. "ಇದೇ ಸದ್ದು! ಬೆಳಿಗ್ಗೆ ಕೇಳಿದ್ದು ಇದೇ!"

"ಇದೇ!" ಎಂದರು ನರ್ಸಮ್ಮ.

"ಈಗಾದ್ರೂ ಬಾಯಿ ಮುಚ್ಕೊಂಡಿರಿ," ಎಂದಳು ಹೆಂಡತಿ ಗಂಡನಿಗೆ.

ಗಡ್ಡದವರು ಜೀಪು ನಿಲ್ಲಿಸಿ ಇಳಿದರು. ಯಾರನ್ನೂ ನೋಡಲಿಲ್ಲ. ನೆಟ್ಟಗೆ ಮೆಲ್ಲಪ್ಪನ ಹತ್ತಿರ ಬಂದು, ಅವನ ಎರಡೂ ಕೈಗಳನ್ನು ತಮ್ಮ ದೊಡ್ಡ ಕೈಗಳೊಳಗೆ ಹಿಡಿದರು.

"ಹೋಗೋ ಮುಂಚೆ ನಿಮಗೊಂದು ಮಾತು ಹೇಳ್ಬೇಕಿತ್ತು. ಇಷ್ಟು ಜನರಲ್ಲಿ ನನಗೋಸ್ಕರ ಸುಳ್ಳು ಹೇಳಿದ್ದು ನೀವೊಬ್ಬರೇ."

ಮೆಲ್ಲಪ್ಪನಿಗೆ ಮುಖವೆತ್ತಲಾಗಲಿಲ್ಲ. "ಸುಳ್ಳಲ್ಲ," ಎಂದ. "ಆಣೆ ಮಾಡ್ತೀನಿ, ನಾನೇ ಮಾಡಿದ್ದು."

ಗಡ್ಡದವರ ಕಣ್ಣು ತುಂಬಿ ಬಂತು. ಅವರು ಹೆಡ್‌ಮಾಸ್ಟರ ಕಡೆ ತಿರುಗಿ, "ನೋಡಿ ಸಾರ್," ಎಂದರು, "ಇನ್ನೂ ಬಿಡ್ತಾ ಇಲ್ಲ!"