ಹದಿನಾಲ್ಕು ಮನೆ, ಹದಿನಾರು ಪೆಟ್ಟಿಗೆ

೧. ಡ್ರಿಲ್

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಡ್ರಿಲ್ ಶುರುವಾಯಿತು. ಟೋಕಿಯೋದ ನಿಶಿ ಕಸಾಯಿ ಬಡಾವಣೆಯ ಹದಿನಾಲ್ಕು ಕನ್ನಡ ಮನೆಗಳು, ಮನೆಗೊಂದು ರೇಡಿಯೋ ಪೆಟ್ಟಿಗೆ. ಅಂಗೈಯಗಲ ಇರುತ್ತದೆ. ಫೋನಿಗೆ ಜೋಡಿಸಿ ಬರೆದರೆ ಸಂದೇಶ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗುತ್ತದೆ. ಇಂಟರ್ನೆಟ್ ಬೇಡ, ಟವರ್ ಬೇಡ.

ನಮ್ಮ ಮನೆಗೆ ಮಾತ್ರ ಮೂರು. ಬಾಲ್ಕನಿಗೊಂದು, ನನಗೊಂದು, ನನ್ನ ಹೆಂಡತಿಯ ಕೈಚೀಲಕ್ಕೊಂದು. ಹಿಂದಿನ ವರ್ಷ ಭೂಮಿ ನಡುಗಿ ರೈಲು, ಫೋನು ಎರಡೂ ನಿಂತಾಗ ಅವಳು ನದಿಯಾಚೆ ಇದ್ದಳು. ಏಳು ಗಂಟೆ ಕಾಲ ಅವಳ ಸುದ್ದಿಯಿರಲಿಲ್ಲ. ಅದು ಇನ್ನೊಮ್ಮೆ ಆಗಬಾರದಿತ್ತು.

ಇದನ್ನೆಲ್ಲ ಹೊಂದಿಸಿಕೊಟ್ಟವನು ಮೈಸೂರಿನ ಇಂಜಿನಿಯರ್ ಹುಡುಗ. "ಚಾನೆಲ್ ಒಂದೇ. ಎಲ್ರೂ ಒಂದೇ ಪದ ಕಳಿಸಿ, ಸೇಫ್ ಅಂತ. ಅಷ್ಟೇ," ಎಂದಿದ್ದ.

ಮೊದಲ ಮನೆ: "ಸೇಫ್."

ಎರಡನೆಯ ಮನೆ: "ಸೇಫ್. ತಿಂಡಿ ಆಯ್ತಾ?"

ಮೂರನೆಯ ಮನೆ: "ಆಯ್ತು, ಇಡ್ಲಿ. ನಿಮ್ದು?"

ಹತ್ತೂಕಾಲಿಗೆ ಚಾನೆಲ್ ಕಟ್ಟಿಕೊಂಡಿತು. ಇಡ್ಲಿಯ ಸುದ್ದಿ ಮಧ್ಯಾಹ್ನ ಒಂದರವರೆಗೂ ಬರುತ್ತಿತ್ತು. ಇಂಜಿನಿಯರ್ ಒಂದೊಂದೇ ಮನೆಯ ಬಾಗಿಲು ತಟ್ಟಿ, "ಪ್ಲೀಸ್, ಸುಮ್ನಿರಿ," ಎಂದು ಹೇಳಿಕೊಂಡು ಬಂದ. ಹೋದ ಮನೆಯಲ್ಲೆಲ್ಲ ಕೂರಿಸಿ ಬಡಿಸಿದರು. ಆರನೆಯ ಮನೆಯಲ್ಲಿ ಅವನು ಉಪ್ಪಿಟ್ಟಿಗೆ ಕೈಮುಗಿದ.

೨. ಆಂಟೆನಾ

ಸಂದೇಶ ನದಿ ದಾಟಬೇಕಾದರೆ ಎತ್ತರ ಬೇಕು. ನಮ್ಮದು ಹನ್ನೊಂದನೆಯ ಮಹಡಿ, ನದಿಯ ಕಡೆಗೆ ಬಾಲ್ಕನಿ. ಅಲ್ಲಿ ಆಂಟೆನಾ ಬಿಗಿಯಲು ಕಟ್ಟಡದ ಮ್ಯಾನೇಜರನ್ನು ಕೇಳಿದೆ.

"ಬಾಲ್ಕನಿಗೆ ಏನನ್ನೂ ಬಿಗಿಯುವಂತಿಲ್ಲ," ಎಂದರು.

"ಭೂಕಂಪಕ್ಕಾಗಿ."

"ಬಹಳ ಒಳ್ಳೆಯ ಉದ್ದೇಶ. ಆದರೆ ಬಿಗಿಯುವಂತಿಲ್ಲ."

ಅವರು ಬಗ್ಗಿ ನಮಸ್ಕರಿಸಿದರು. ನಾನೂ ಬಗ್ಗಿದೆ. ಅವರು ನಿಯಮಗಳ ಪುಸ್ತಕ ತೆರೆದು ಬಹಳ ಹೊತ್ತು ಓದಿದರು.

"ಬಟ್ಟೆ ಒಣಗಿಸಬಹುದು," ಎಂದರು.

ಆಂಟೆನಾವನ್ನು ಬಟ್ಟೆ ಕೋಲಿಗೆ ನಾಲ್ಕು ಕ್ಲಿಪ್ ಹಾಕಿ ನೇತುಹಾಕಿದೆ, ನನ್ನ ಬನಿಯನ್ನಿನ ಪಕ್ಕ. ಮರುದಿನ ಸಂಜೆ ಮ್ಯಾನೇಜರ್ ಬಾಗಿಲಲ್ಲಿದ್ದರು.

"ಸುಮಿಮಾಸೆನ್, ಕ್ಷಮಿಸಿ. ಒಣಗಲು ಹಾಕಿದ್ದನ್ನು ಐದು ಗಂಟೆಯೊಳಗೆ ಒಳಗೆ ತೆಗೆದುಕೊಳ್ಳಬೇಕು."

ಭೂಕಂಪವಾದರೆ ಐದರೊಳಗೆ ಆಗಬೇಕು ಎಂದು ಗ್ರೂಪಿಗೆ ತಿಳಿಸಿದೆ.

೩. ತುರ್ತು

ತುರ್ತು ಇಲ್ಲದೆ ಯಾರೂ ಬರೆಯಬಾರದು ಎಂದು ನಿಯಮವಾಯಿತು. ಎರಡು ತಿಂಗಳು ಪೆಟ್ಟಿಗೆಗಳು ಬಾಯಿಬಿಡಲಿಲ್ಲ. ಡ್ರಿಲ್ ದಿನ ಮಾತ್ರ ಅಷ್ಟೋ ಇಷ್ಟೋ. ಐದು ಮನೆ ಉತ್ತರಿಸಿದರೆ ಹೆಚ್ಚು.

ಒಂದು ದಿನ ಪೆಟ್ಟಿಗೆ ಕೂಗಿತು. ಎದ್ದು ಓಡಿದೆ. ಬರೆದವಳು ನನ್ನ ಹೆಂಡತಿ: "ಸ್ಟೇಷನ್ ಹತ್ರದ ಅಂಗಡಿಗೆ ಕರಿಬೇವು ಬಂದಿದೆ."

ಸಂಜೆ ಹೇಳಿದೆ, "ಅದು ತುರ್ತಲ್ಲ."

"ಮೂರು ವಾರ ಆಗಿತ್ತು ರೀ, ಕರಿಬೇವಿನ ಮುಖ ನೋಡಿ," ಎಂದಳು.

ಇಂಜಿನಿಯರ್ ಲೆಕ್ಕ ತೆಗೆದ. ಸಂದೇಶ ನಾಲ್ಕು ನಿಮಿಷದಲ್ಲಿ ಹದಿನಾಲ್ಕೂ ಮನೆ ತಲುಪಿತ್ತು. ಕರಿಬೇವು ಹತ್ತು ನಿಮಿಷದಲ್ಲಿ ಮುಗಿದಿತ್ತು. ಅವನಿಗೂ ಸಿಕ್ಕಿರಲಿಲ್ಲ.

ಆ ಹದಿನಾಲ್ಕರಲ್ಲಿ ಈಗ ಮೂರು ಮನೆ ಉಳಿದಿವೆ. ಉಳಿದವರನ್ನು ಕಂಪನಿಗಳು ವಾಪಸ್ ಕರೆಸಿಕೊಂಡವು. ಅಂಗಡಿಯಲ್ಲಿ ಕರಿಬೇವು ವಾರವೆಲ್ಲ ಇರುತ್ತದೆ. ಬಾಡುತ್ತದೆ.

೪. ಸೇತುವೆ

ಹದಿನಾಲ್ಕೂ ಮನೆ ಇನ್ನೂ ಇದ್ದಾಗ, ಶನಿವಾರಗಳಂದು ನನ್ನ ಹೆಂಡತಿ ನದಿಯಾಚೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದಳು. ಇವಳು ಕನ್ನಡದಲ್ಲಿ ಕೇಳುವುದು, ಅವು ಜಪಾನೀಸಿನಲ್ಲಿ ಉತ್ತರಿಸುವುದು. ಅಂಥ ಒಂದು ಶನಿವಾರ ಮಧ್ಯಾಹ್ನ ಎರಡಕ್ಕೆ ಭೂಮಿ ನಡುಗಿತು. ರೈಲು ನಿಂತಿತು. ಫೋನ್ ಹೋಗಲಿಲ್ಲ.

ಪೆಟ್ಟಿಗೆಯ ಮುಂದೆ ಕೂತೆ. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಬಂತು: "ಚೆನ್ನಾಗಿದ್ದೀನಿ. ಸೇತುವೆ ಮೇಲೆ ನಡ್ಕೊಂಡು ಬರ್ತೀನಿ."

"ಎದುರಿಗೆ ಬರ್ತೀನಿ" ಎಂದು ಬರೆದು, ಪೆಟ್ಟಿಗೆ ಜೇಬಿಗೆ ಹಾಕಿ ಹೊರಟೆ.

ಅರಕಾವಾ ನದಿಯ ಸೇತುವೆ ಉದ್ದ. ಎರಡು ಬದಿಗೂ ಕಾಲುದಾರಿ, ಎರಡರ ತುಂಬ ಜನ, ನಡುವೆ ಲಾರಿಗಳ ಸಾಲು. ಆಚೆ ದಡ ತಲುಪಿ ಬರೆದೆ: "ಎಲ್ಲಿ?"

"ನಮ್ಮ ದಡದಲ್ಲಿ. ನೀವು?"

"ನಿನ್ನ ದಡದಲ್ಲಿ."

ಅವಳಿದ್ದಲ್ಲಿಂದ ಮನೆ ಹತ್ತು ನಿಮಿಷ. ಹೋಗಬಹುದಿತ್ತು. "ಅಲ್ಲೇ ಇರಿ, ಬರ್ತೀನಿ" ಎಂದು ಬರೆದು ತಿರುಗಿ ಹೊರಟಳು. ನಾನೂ "ಅಲ್ಲೇ ಇರು, ಬರ್ತೀನಿ" ಎಂದು ಬರೆದು ಹೊರಟೆ. ಅವಳು ಬಂದ ಬದಿ ಹಿಡಿಯೋಣವೆಂದು ಕಾಲುದಾರಿ ಬದಲಿಸಿದೆ. ಅವಳೂ ನಾನು ಹೋದ ಬದಿ ಹಿಡಿಯೋಣವೆಂದು ಬದಲಿಸಿದಳು. ಆಂಟಿ ಸಿಕ್ಕಿದ್ರಾ, ಸಿಕ್ಕಿದ್ರಾ ಎಂದು ಹದಿಮೂರು ಮನೆಯವರೂ ಕೇಳುತ್ತಿದ್ದುದರಿಂದ ನಮ್ಮ ಸಂದೇಶಗಳು ಸರತಿಯಲ್ಲಿ ನಿಂತಿದ್ದವು. ನಾವು ಅವನ್ನು ಓದಿದ್ದು ಸೇತುವೆ ದಾಟಿದ ಮೇಲೆ.

ಇಂಜಿನಿಯರ್ ಬರೆದ: "ಸರ್, ಎಲ್ರೂ ನೋಡ್ತಿದ್ದೀವಿ. ಇಬ್ರಲ್ಲಿ ಒಬ್ರು ನಿಂತ್ಕೊಳ್ಳಿ."

ಇಬ್ಬರೂ ನಿಂತೆವು. ಅರ್ಧ ಗಂಟೆ.

ಕೊನೆಗೆ ಎರಡನೆಯ ಮನೆಯಾಕೆ ಬರೆದಳು: "ಆಂಟಿ ನಿಂತ್ಕೊಳ್ಳಿ. ಅಂಕಲ್ ನಡೀರಿ."

ನಡೆದೆ. ಆಚೆ ದಡದ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚಿ ಕೂತಿದ್ದಳು.

"ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ರಿ?" ಎಂದಳು.

ಒಟ್ಟಿಗೆ ಮನೆಗೆ ಬಂದೆವು. ಆ ದಿನ ಅವಳು ಸೇತುವೆಯನ್ನು ಮೂರು ಸಲ ದಾಟಿದಳು. ನಾನು ನಾಲ್ಕು.