ಮೇಷ್ಟ್ರು ಬರೆದ ನಾಲ್ಕು ಒಳ್ಳೆಯ ಮಾತು

ಗೋದಾಮಿನ ಕೆಲಸ ಹೋದ ಮೇಲೆ ಸ್ಟೋರ್‌ಕೀಪರನಿಗೆ ಎಂಟು ತಿಂಗಳಿಂದ ಉಳಿದಿದ್ದ ಕೆಲಸ ಒಂದೇ. ಮೊಬೈಲಿನಲ್ಲಿ ಉದ್ಯೋಗದ ಜಾಲತಾಣ ತೆರೆದು ಗುರುತಿಲ್ಲದವರಿಗೆಲ್ಲ ನಮಸ್ಕಾರ ಹಾಕುವುದು. ಮುನ್ನೂರು ಜನ ಸಂಪರ್ಕದಲ್ಲಿದ್ದರು. ಮರುನಮಸ್ಕಾರ ಹೇಳಿದವರು ಒಬ್ಬರೂ ಇಲ್ಲ. ಹೆಂಡತಿ ಮಕ್ಕಳಿಲ್ಲದ ಆ ಒಂಟಿಕೋಣೆಯಲ್ಲಿ ಅವನಿಗೆ ತನ್ನ ದನಿಯೇ ಮರೆತುಹೋಗುವಂತಿತ್ತು. ಸಂಜೆಯ ಹೊತ್ತು ಬಂದು ಹರಟುವ ಪಕ್ಕದ ಮನೆಯ ನಿವೃತ್ತ ಮೇಷ್ಟ್ರೊಬ್ಬರೇ ಆಸರೆ.

ಅಂದು ಬೆಳಿಗ್ಗೆ ಮೇಷ್ಟ್ರು, ನಿನ್ನ ಬೆನ್ನು ನೀನೇ ತಟ್ಟಿಕೊಂಡರೆ ಯಾರು ನಂಬುತ್ತಾರೆ, ಬೇರೆಯವರು ಹೊಗಳಬೇಕು ಎಂದು ಅವನ ಮೊಬೈಲಿನಿಂದಲೇ ಆ ಜಾಲತಾಣದಲ್ಲಿ ಅವನ ಬಗ್ಗೆ ತಾವೇ ಬರೆದು ಹಾಕಿಬಿಟ್ಟರು. ಪಾಪ, ನಲವತ್ತು ವರ್ಷಗಳಲ್ಲಿ ಅವರು ಮನುಷ್ಯರನ್ನು ಹೊಗಳಿ ಬರೆದದ್ದೆಲ್ಲ ಶಾಲೆಯ ಸಂತಾಪ ಸಭೆಗೆ. ಕೈ ತಾನಾಗಿಯೇ ಹಳೆಯ ದಾರಿ ಹಿಡಿಯಿತು. ಅಜಾತಶತ್ರು, ಒಂದು ಮೊಳೆಯನ್ನೂ ಕಳೆಯಗೊಡದ ಸಜ್ಜನ, ಇಂಥವರು ಇನ್ನೆಲ್ಲಿ ಎಂದೆಲ್ಲ ಬರೆದರು. ಫೋಟೋ ಎದ್ದು ಕಾಣಲೆಂದು ಸುತ್ತ ಕಪ್ಪು ಅಂಚು ಬೇರೆ.

ಗಂಟೆ ಹತ್ತು ಹೊಡೆಯುವಷ್ಟರಲ್ಲಿ ಮುನ್ನೂರು ಜನರೂ ಕಣ್ಣೀರಿಟ್ಟರು. ಅವನನ್ನು ಕೆಲಸದಿಂದ ತೆಗೆದಿದ್ದ ಮ್ಯಾನೇಜರು 'ತುಂಬಲಾರದ ನಷ್ಟ' ಎಂದು ಬರೆದ. ಕೆಳಮನೆಯ ದರ್ಜಿಯ ಹೆಂಡತಿ ಹೂ ಹಿಡಿದು ಬಂದಳು. ಬಾಗಿಲು ತೆರೆದವನು ಸತ್ತವನೇ ಎಂದು ಕಂಡು ಕಿಟಾರನೆ ಕಿರುಚಿ ಮೆಟ್ಟಿಲಿಳಿದು ಓಡಿದಳು. ಕೂತು ಹೋಗಿ ಎನ್ನುವಷ್ಟೂ ಪುರುಸೊತ್ತು ಕೊಡಲಿಲ್ಲ.

ಅವನು ಒಂದೊಂದು ಸಂದೇಶವನ್ನೂ ಎರಡೆರಡು ಸಲ ಓದಿದ. ತನ್ನನ್ನು ಇಷ್ಟು ಜನ ಬಲ್ಲರೇ ಎಂದುಕೊಂಡ. ಕೊನೆಗೆ 'ನಾನು ಬದುಕಿದ್ದೇನೆ, ಕೆಲಸ ಬೇಕಾಗಿದೆ' ಎಂದು ಬರೆದ. ಆಮೇಲೆ ಒಬ್ಬರೂ ತುಟಿಪಿಟಕ್ ಎನ್ನಲಿಲ್ಲ.

ಮಧ್ಯಾಹ್ನ ಫೋನು ಬಂತು. ಯಾವುದೋ ಪತ್ರಿಕೆಯ ಕಚೇರಿ. ಎಂಟು ತಿಂಗಳಲ್ಲಿ ಮೊದಲ ಕರೆ. ಅವನು ಎದ್ದು ನಿಂತೇ ಮಾತಾಡಿದ.

"ನೀವು ಇರೋದು ಸಂತೋಷ," ಎಂದಿತು ಆ ಕಡೆಯ ದನಿ. "ಅದನ್ನ ಬರೆದವರು ಯಾರು ಸಾರ್? ನಮ್ಮ ನಿಧನವಾರ್ತೆ ಪುಟಕ್ಕೆ ಅಂಥವರೇ ಬೇಕಿತ್ತು."

ಅವನು ಮೇಷ್ಟ್ರ ನಂಬರು ಕೊಟ್ಟ. ಸ್ವಲ್ಪ ಹೊತ್ತಿಗೆಲ್ಲ ಇಸ್ತ್ರಿ ಹಾಕಿದ ಅಂಗಿ ತೊಟ್ಟ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಸಂಜೆ ಪಾಳಿಯಂತೆ, ಇವತ್ತಿನಿಂದಲೇ ಬನ್ನಿ ಎಂದಿದ್ದಾರಂತೆ. ಇನ್ನು ಮೇಲೆ ಹರಟೆಗೆ ಬರಲಾಗದು ಎಂದು ನಿಜವಾಗಿಯೂ ನೊಂದುಕೊಂಡರು.

"ನಿನ್ನ ಉಪಕಾರ ಮರೆಯೋದಿಲ್ಲಪ್ಪ," ಎಂದು ಅವನ ಕೈ ಹಿಡಿದರು. "ನಿನ್ನ ಸರದಿ ಬಂದಾಗ ಇದಕ್ಕಿಂತ ಚೆನ್ನಾಗಿ ಬರೀತೀನಿ, ನೋಡ್ತಾ ಇರು."

ಅವನು ಆಗಲಿ ಮೇಷ್ಟ್ರೇ ಎಂದು ಬಾಗಿಲು ಹಾಕಿಕೊಂಡ.