ಕೋಲಾಟಕ್ಕೊಬ್ಬರು ಬೇಕಾಗಿದ್ದಾರೆ

ಊರಿನ ನಲ್ಲಿ, ಚರಂಡಿ ನೋಡಿಕೊಳ್ಳುವ ಕಚೇರಿಯ ಗುಮಾಸ್ತನಿಗೆ ಸಾಂಸ್ಕೃತಿಕ ಕಾರ್ಯಕ್ರಮವನ್ನೂ ಗಂಟುಹಾಕಿದರೆ ನಗೆಪಾಟಲಿಗೆ ಬರ ಇರುವುದಿಲ್ಲ. ನನಗೆ ವರ್ಷಕ್ಕೊಮ್ಮೆ ಈ ಯೋಗ ತಪ್ಪಿದ್ದಲ್ಲ. ಈ ಸಲ ಚಿನ್ನದ ಗಣಿಯವರ ಕಾಲೋನಿಯಾದ ಕೋರಮಂಡಲ್‌ನ ಮೈದಾನದಲ್ಲಿ ಕಲಾಸಂಜೆ. ಕಾಲೋನಿಯವರೂ ಸುತ್ತಲ ಹಳ್ಳಿಯವರೂ ಸೇರಿ ನಡೆಸಬೇಕು ಎಂದು ಮೇಲಿನವರ ಅಪ್ಪಣೆ. ಸೇರುವುದು ಹೇಗೆ ಎಂದು ಕೇಳಿದೆ. "ಅದಕ್ಕೇ ಅಲ್ಲವೇನ್ರೀ ನೀವಿರೋದು" ಎಂದರು.

ಏಳು ಜನ

ಬೂದಿಕೋಟೆ ಪಕ್ಕದ ಹಳ್ಳಿಯೊಂದರ ಹೆಂಗಸರ ಕೋಲಾಟ ನೋಡಿ ಹಿಂದೊಮ್ಮೆ ಮರುಳಾಗಿದ್ದೆ. ಅವರನ್ನೇ ಕರೆಯಲು ಹೋದೆ. ತಂಡದ ಹಿರಿಯಾಕೆಯನ್ನು ಊರೆಲ್ಲ ದೊಡ್ಡಮ್ಮ ಎನ್ನುತ್ತಾರೆ. ಹಸುವಿಗೆ ಹುಲ್ಲು ಹಾಕುತ್ತಿದ್ದವರು ತಲೆಯನ್ನೂ ಎತ್ತದೆ "ಆಗಲ್ಲಪ್ಪ" ಎಂದರು.

ತಂಡದಲ್ಲಿದ್ದದ್ದು ಎಂಟು ಜನ. ದೊಡ್ಡಮ್ಮನ ಎದುರು ನಿಂತು ಕೋಲಿಗೆ ಕೋಲು ಕೊಡುತ್ತಿದ್ದ ಅವರ ಓರಗಿತ್ತಿ ಹೋದ ವರ್ಷ ತೀರಿಕೊಂಡರಂತೆ. ಅಂದಿನಿಂದ ಎಲ್ಲರ ಕೋಲುಗಳೂ ಅಟ್ಟ ಸೇರಿವೆ. ಆ ಜಾಗದಲ್ಲಿ ನಿಲ್ಲಲು ಊರಿನ ಯಾರಿಗೂ ಮನಸ್ಸಿಲ್ಲ. ಎಲ್ಲರೂ ಆಕೆಯ ಕೈಯೂಟ ಉಂಡವರೇ. ಎಂಟನೆಯವರು ಸಿಗದಿದ್ದರೆ ಆ ಊರಿನಲ್ಲಿ ಕೋಲಾಟವೇ ಮುಗಿದಂತೆ.

ಕೇಳಿದವನು ಸುಮ್ಮನೆ ಎದ್ದು ಬರಬೇಕಿತ್ತು. ಆದರೂ ಗುಮಾಸ್ತನ ಬುದ್ಧಿ ಎಲ್ಲಿಗೆ ಹೋಗುತ್ತದೆ? "ಏಳೇ ಜನ ಆಡಿದರೆ ಆಗಲ್ವಾ ದೊಡ್ಡಮ್ಮ?" ಎಂದುಬಿಟ್ಟೆ.

"ಆಡಬೋದು. ನಾನ್ಯಾವ್ದಕ್ಕೆ ಒಡೀಲಿ? ನಿನ್ ತಲೆಗಾ?"

ಎಂಟನೆಯವರು

ಕೋರಮಂಡಲ್‌ನ ಟೀ ಅಂಗಡಿ ಗೋಡೆಗೆ ಚೀಟಿ ಅಂಟಿಸಿದೆ: ಕೋಲಾಟಕ್ಕೊಬ್ಬರು ಬೇಕಾಗಿದ್ದಾರೆ. ವಾರ ಕಳೆದರೂ ಬಂದವರು ಒಬ್ಬರೇ. ಚಿನ್ನದ ಗಣಿಯಲ್ಲಿ ದುಡಿದು, ಗಣಿ ಮುಚ್ಚಿದ ಮೇಲೆ ಮನೆಯಲ್ಲಿ ಕೂತಿದ್ದ ತಮಿಳು ಯಜಮಾನರು. ಹೆಂಗಸರ ತಂಡ ಎಂದು ಬರೆಯುವುದನ್ನೇ ನಾನು ಮರೆತಿದ್ದೆ.

ಬೇರೆ ದಾರಿಯಿಲ್ಲದೆ ಅವರನ್ನೇ ಹಳ್ಳಿಗೆ ಕರೆದುಕೊಂಡು ಹೋದೆ. ದೊಡ್ಡಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, "ಮೀಸೆ ಐತಲ್ಲಪ್ಪಾ" ಎಂದರು.

ಯಜಮಾನರು ಸಂಕೋಚದಿಂದ ಮೀಸೆ ಮುಟ್ಟಿಕೊಂಡು ಕೇಳಿದರು: "ತೆಗ್ಸಿಬಿಡ್ಲಾ ಅಮ್ಮಾ?"

ಏಳೂ ಜನ ಬಿದ್ದು ಬಿದ್ದು ನಕ್ಕರು. ಅಟ್ಟದಿಂದ ಕೋಲುಗಳು ಇಳಿದವು.

ತಾಲೀಮು

ಮೊದಲ ದಿನ ಕೋಲಾಟದ ಪದ ಅರ್ಧ ಹಾಡುವಷ್ಟರಲ್ಲೇ ಡೈರಿ ಹೊತ್ತಾಯಿತೆಂದು ಏಳೂ ಜನ ಹಾಲು ಕರೆಯಲು ಓಡಿದರು. ಬಯಲಲ್ಲಿ ಉಳಿದದ್ದು ಯಜಮಾನರು, ನಾನು ಮತ್ತು ಒಂದು ನಾಯಿ.

ಎರಡನೆಯ ದಿನ ಯಜಮಾನರು ತಲೆಗೆ ಹೆಲ್ಮೆಟ್, ಕೈಗೆ ಚರ್ಮದ ಗ್ಲೌಸು, ಕಾಲಿಗೆ ಬೂಟು ಹಾಕಿಕೊಂಡು ಬಂದರು. ಇದೇನು ಎಂದೆ.

"ಸುರಂಗದಲ್ಲಿ ಅಷ್ಟು ವರ್ಷ ಇದ್ದೆ ಸಾರ್, ಒಂದು ಗಾಯ ಇಲ್ಲ. ಈಯಮ್ಮನ ಮುಂದೆ ಅರ್ಧ ಗಂಟೆ ನಿಂತೆ, ಮೂರು ಬೆರಳು ಪೋಚ್ಚು!"

ತಪ್ಪು ದೊಡ್ಡಮ್ಮನದಲ್ಲ. ಯಜಮಾನರು ಪದ ಕೇಳುವುದು ಬಿಟ್ಟು ಒಣ್ಣು, ರೆಂಡು, ಮೂಣು ಎಂದು ಹೆಜ್ಜೆ ಎಣಿಸುತ್ತಿದ್ದರು. "ಲೆಕ್ಕ ಬಿಡಣ್ಣಾ, ಪದ ಕೇಳು" ಎಂದು ದೊಡ್ಡಮ್ಮ ದಿನವೂ ಗದರುತ್ತಿದ್ದರು. ಹದಿನೈದು ದಿನ ಕಳೆದು ಹೋಗಿ ನೋಡುತ್ತೇನೆ, ಯಜಮಾನರು ಕಣ್ಣು ಮುಚ್ಚಿ ಪದ ಹಾಡುತ್ತಿದ್ದಾರೆ, ದೊಡ್ಡಮ್ಮ ಒಣ್ಣು, ರೆಂಡು ಎನ್ನುತ್ತಿದ್ದಾರೆ!

ಹಸಿರು ಸೀರೆ

ತಂಡದ ಎಂಟೂ ಸೀರೆ ಒಂದೇ ಹಸಿರು. ಕಲಾಸಂಜೆಯ ಹಿಂದಿನ ದಿನ ದೊಡ್ಡಮ್ಮ ಟ್ರಂಕಿನಿಂದ ಎಂಟನೆಯ ಸೀರೆ ತೆಗೆದದ್ದೇ ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು.

"ಮೀಸೆ ಬೇಕಾದ್ರೆ ತೆಗೀತೀನಮ್ಮಾ, ಇದು ಮಾತ್ರ ವೇಂಡಾ."

ದೊಡ್ಡಮ್ಮ ನಗಲಿಲ್ಲ. ಅದು ಓರಗಿತ್ತಿಯ ಸೀರೆ. ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ಸವರಿದರು. ಆಮೇಲೆ ಉದ್ದಕ್ಕೆ ಸರ್ರನೆ ಸೀಳಿ, ಯಜಮಾನರ ತಲೆಗೆ ತಮ್ಮ ಕೈಯಾರೆ ರುಮಾಲು ಸುತ್ತಿದರು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ದೊಡ್ಡಮ್ಮ ಉಳಿದರ್ಧ ಸೀರೆ ಎತ್ತಿ ತೋರಿಸಿದರು. "ಯಾಕಪ್ಪಾ ಅಳ್ತೀಯ? ನಿಂಗೂ ಒಂದು ಬೇಕಾ?"

ಕಲಾಸಂಜೆ

ಹಾಲು ಕರೆದು ಡೈರಿಗೆ ಹಾಕಿ ಬಂದದ್ದರಿಂದ ತಂಡ ತಡವಾಗಿಯೇ ಬಂತು. ಮೈದಾನ ತುಂಬಿತ್ತು. ಎಂಟೂ ಜನ ವೇದಿಕೆ ಹತ್ತಿ ಸುತ್ತು ಕಟ್ಟಿದರು. ದೊಡ್ಡಮ್ಮ ಕೋಲು ಚಾಚಿದಾಗಲೆಲ್ಲ ಎದುರಿನಿಂದ ಇನ್ನೊಂದು ಕೋಲು ಬಂದೇ ಬರುತ್ತಿತ್ತು. ನನಗೆ ಅಷ್ಟೇ ಬೇಕಾಗಿತ್ತು.

ಪದ ಮುಗಿಯಿತು. ಏಳೂ ಜನ ಕೈಮುಗಿದು ಕೆಳಗಿಳಿದರು. ಯಜಮಾನರು ಮಾತ್ರ ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಮುಂದಿನ ಭಜನೆ ತಂಡ ಹಾರ್ಮೋನಿಯಂ ಹೊತ್ತು ಮೆಟ್ಟಿಲ ಮೇಲೆ ಕಾಯುತ್ತಿದೆ. ನಾನು ಓಡಿಹೋಗಿ, "ಇಳೀರಿ ಯಜಮಾನರೇ" ಎಂದೆ.

"ಅದೆಂಗೆ ಸಾರ್? ಬದ್ಲಿ ಆಳು ಬರ್ದೆ ಜಾಗ ಬಿಡಬಾರದು. ಮುಂದಿನ ಶಿಫ್ಟಿನೋನು ಬಂದು ನಿಂತ್ರೇನೆ ನಾವು ಸುರಂಗದಿಂದ ಮೇಲೆ ಬರ್ತಿದ್ದಿದ್ದು."

ಮುಂದಿನ ಸಾಲಿನಲ್ಲಿದ್ದ ಹಳೆಯ ಗಣಿ ಕಾರ್ಮಿಕರೆಲ್ಲ "ಕರೆಕ್ಟ್, ಕರೆಕ್ಟ್" ಎಂದು ತಲೆಯಾಡಿಸಿದರು.

ದೊಡ್ಡಮ್ಮ ಮತ್ತೆ ಮೇಲೆ ಹತ್ತಿ ಅವರ ಎದುರು ನಿಂತರು. "ಬದ್ಲಿ ಆಳು ನೀನೇ ಕಣಣ್ಣಾ. ನಮ್ ಓರಗಿತ್ತಿ ಜಾಗಕ್ಕೆ ಬಂದೋನು ನೀನು. ಅವಳ್ ಶಿಫ್ಟು ಮುಗೀತು, ಮನೆಗೆ ಓದ್ಲು."

ಯಜಮಾನರು ರುಮಾಲು ಸರಿಮಾಡಿಕೊಂಡರು.

"ಅಂಗಾದ್ರೆ ನನ್ ಶಿಫ್ಟು ಈಗ ತಾನೇ ಶುರು ಆಯ್ತು! ಈಗ ಎಂಗಮ್ಮಾ ಇಳೀಲಿ?" ಎಂದು ಕೋಲೆರಡನ್ನೂ ಎತ್ತಿ ಹಿಡಿದರು.

ವಿಧಿಯಿಲ್ಲದೆ ಉಳಿದ ಆರು ಜನರೂ ಮತ್ತೆ ಮೇಲೆ ಹತ್ತಿದರು. ಭಜನೆಯವರು ಹಾರ್ಮೋನಿಯಂ ಕೆಳಗಿಟ್ಟು ಕೂತರು.